ಗರ್ಭಿಣಿಯರಿಗೆ ಸಲಹೆ: ಗಡಿನಾಡಿನಲ್ಲಿ ಯಾವ ಭಾಷೆಯಲ್ಲಿ?

ಕಾಸರಗೋಡು: ಹೆರಿಗೆಯ ಸುರಕ್ಷತೆಯಲ್ಲಿ ಕೇರಳ ದೇಶಕ್ಕೇ ಮಾದರಿ ಎನ್ನಲಾಗುತ್ತದೆ. 2018-20ರ ಮಾದರಿ ನೋಂದಣಿ ಸಮೀಕ್ಷೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕೇರಳದಲ್ಲಿ 19, ಕರ್ನಾಟಕದಲ್ಲಿ 69, ದೇಶದಲ್ಲಿ 97. ಆದರೆ ರಾಜ್ಯದ ಸರಾಸರಿಯಲ್ಲಿ ಕಾಣಿಸದ ಪ್ರಶ್ನೆಯೊಂದು ಈ ಉತ್ತರ ತುದಿಯ ಜಿಲ್ಲೆಯಲ್ಲಿದೆ. ಗರ್ಭಿಣಿಗೆ ಹೇಳಿದ ಮಾತು ಆಕೆಗೆ ನಿಜವಾಗಿ ತಲುಪುತ್ತಿದೆಯೇ?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆಯ ಮನೆಗಳಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ ಆಡುವವರಿದ್ದಾರೆ. ಪುತ್ತೂರು, ಸುಳ್ಯ, ಬಂಟ್ವಾಳ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರಲ್ಲಿ ಅನೇಕರಿಗೆ ಮಲಯಾಳಂ ಹೊಸತು. ದಾದಿ ಹೇಳಿದ್ದಕ್ಕೆಲ್ಲ ಆಕೆ ತಲೆಯಾಡಿಸಬಹುದು. ಅದರಿಂದ ಅರ್ಥವಾಯಿತು ಎಂದು ತಿಳಿಯುವಂತಿಲ್ಲ.

ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ. ನಾಲ್ಕನೇ ತಿಂಗಳಿನಿಂದ ಕನಿಷ್ಠ 180 ದಿನ ದಿನಕ್ಕೊಂದು ನುಂಗಬೇಕೆಂಬುದು ನಿಯಮ. ಮಲ ಕಪ್ಪಾದಾಗ ಹೆದರಿ, ಮಲಬದ್ಧತೆಯಾದಾಗ ಬೇಸತ್ತು ಮಾತ್ರೆ ಬಿಡುವವರಿದ್ದಾರೆ. ಬಿಟ್ಟದ್ದನ್ನು ಹೇಳಲು ಸಂಕೋಚ. "ಮಾತ್ರೆ ತಗೊಳ್ತೀರಲ್ಲ?" ಎಂದು ಕೇಳಿದರೆ "ಹೌದು" ಎಂಬ ಉತ್ತರವೇ ಬರುತ್ತದೆ. "ಮಾತ್ರೆ ತಗೊಂಡಾಗ ಏನಾಗ್ತದೆ?" ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಕಪ್ಪು ಬಣ್ಣದಿಂದ ಅಪಾಯವಿಲ್ಲ, ಚಹಾದ ಜತೆ ನುಂಗಬಾರದು ಎಂದು ಆಗ ತಿಳಿಸಬಹುದು. ಹೇಳಿದ್ದನ್ನು ಆಕೆಯ ಬಾಯಿಂದಲೇ ಒಮ್ಮೆ ಹೇಳಿಸಿಕೊಂಡರೆ ಇನ್ನೂ ಒಳ್ಳೆಯದು.

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಾವಸ್ಥೆಯಲ್ಲಿ ಎಂಟು ಬಾರಿ ಆರೈಕೆ ಸಿಗಬೇಕೆಂದಿತು. ಅವನ್ನು ಬರೀ 'ಭೇಟಿ' ಎನ್ನದೆ 'ಸಂಪರ್ಕ' ಎಂದು ಕರೆದುದಕ್ಕೂ ಕಾರಣ ಇದೇ. ಗರ್ಭಿಣಿಯ ಜತೆ ಮಾತುಕತೆ ಆಗಬೇಕು.

ಎಂಡೋಸಲ್ಫಾನ್ ಪೀಡಿತ ಗ್ರಾಮಗಳಲ್ಲಿ ಈ ಮಾತುಕತೆ ಇನ್ನಷ್ಟು ಸೂಕ್ಷ್ಮ. ಗೇರುತೋಟಗಳ ಮೇಲಿನ ವೈಮಾನಿಕ ಸಿಂಪಡಣೆ ನಿಂತದ್ದು 2000ದಲ್ಲಿ. ಆದರೆ ನೆರೆಮನೆಯಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡುತ್ತ ಬೆಳೆದವಳಿಗೆ "ನನ್ನ ಮಗು ಹೇಗಿರಬಹುದು?" ಎಂಬ ಭಯ ಸಹಜ. "ಏನೂ ಆಗುವುದಿಲ್ಲ" ಎಂಬ ಸಮಾಧಾನ ಇಲ್ಲಿ ಸಾಲದು. ಭಯವನ್ನು ಪೂರ್ತಿ ಕೇಳಿಸಿಕೊಂಡು, ಐದನೇ ತಿಂಗಳ ಹೊತ್ತಿನ ಸ್ಕ್ಯಾನಿಂಗ್‌ನಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಆಕೆಯ ಭಾಷೆಯಲ್ಲೇ ಬಿಡಿಸಿ ಹೇಳಬೇಕು.

ಇನ್ನೊಂದು ತೊಡಕು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ. ಸೀಮಂತ ಮುಗಿಸಿ ತಲಪಾಡಿ ದಾಟಿದರೆ ರಾಜ್ಯವೂ ಬೇರೆ, ಆಸ್ಪತ್ರೆಯೂ ಬೇರೆ. ಹೊರಡುವ ಮೊದಲು ಗಂಡ, ಅತ್ತೆಯರನ್ನೂ ಕೂರಿಸಿಕೊಂಡು ಅಪಾಯದ ಲಕ್ಷಣಗಳನ್ನು, ಜತೆಗೆ ಒಯ್ಯಬೇಕಾದ ದಾಖಲೆಗಳನ್ನು ವಿವರಿಸುವುದು ಅಗತ್ಯ.

ಮನೆಭಾಷೆ ಬಲ್ಲ ಕಾರ್ಯಕರ್ತೆಯನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಊರಿನವಳೇ ಆದ ಆಶಾ ಕಾರ್ಯಕರ್ತೆ ಇದ್ದಾಳೆ. ಆದರೆ ಗೌರವಧನ ಹೆಚ್ಚಳಕ್ಕಾಗಿ 2025ರ ಫೆಬ್ರವರಿಯಿಂದ ತಿಂಗಳುಗಟ್ಟಲೆ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕೂರಬೇಕಾಗಿ ಬಂದದ್ದೂ ಆಶಾ ಕಾರ್ಯಕರ್ತೆಯರಿಗೇ. ಗರ್ಭಿಣಿಯ ಬಳಿ ಅರ್ಧ ಗಂಟೆ ಕುಳಿತು ಮಾತನಾಡುವುದನ್ನೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೆ ಕನ್ನಡ, ತುಳುವಿನಲ್ಲಿ ತರಬೇತಿ ನೀಡಬೇಕು. ಆರೋಗ್ಯ ಇಲಾಖೆ ಮತ್ತು ಗಡಿಭಾಗದ ಪಂಚಾಯತ್‌ಗಳು ಇತ್ತ ಗಮನ ಹರಿಸಬೇಕಾಗಿದೆ.