ಬಾಗಿಲು ಮುಚ್ಚಿದ ಮೇಲಿನ ಉತ್ಸವ



ಉತ್ಸವಗಳಿಗೆ ನಮ್ಮ ನಾಡಿನಲ್ಲಿ ಬರವೆಂಬುದಿಲ್ಲ. ಹಂಪಿಗೆ ಹಂಪಿ ಉತ್ಸವ, ಬನವಾಸಿಗೆ ಕದಂಬೋತ್ಸವ, ಬಾದಾಮಿ-ಪಟ್ಟದಕಲ್ಲುಗಳಿಗೆ ಚಾಲುಕ್ಯ ಉತ್ಸವ, ಚೆನ್ನಮ್ಮನ ಊರಿಗೆ ಕಿತ್ತೂರು ಉತ್ಸವ, ಗದಗಿನ ಮಗ್ಗುಲಲ್ಲಿರುವ ಲಕ್ಕುಂಡಿಗೆ ಲಕ್ಕುಂಡಿ ಉತ್ಸವ. ಆಮಂತ್ರಣ ಪತ್ರಿಕೆ ಯಾವುದೇ ಇರಲಿ, 'ಗತವೈಭವ', 'ಭವ್ಯ ಪರಂಪರೆ', 'ಇತಿಹಾಸದ ಅನಾವರಣ' ಎಂಬ ಮಾತುಗಳು ತಪ್ಪದೆ ಅಚ್ಚಾಗಿರುತ್ತವೆ. ಮಾತುಗಳಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಇತಿಹಾಸವು ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ ಅನಾವರಣಗೊಂಡಿತು ಎಂದು ಕೇಳಿದರೆ ಉತ್ತರ ಹೇಳುವವರು ಸಿಗುವುದಿಲ್ಲ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ನಿವೇದಿಸುತ್ತೇನೆ. ಊರಿನ ಹೆಸರು ಬೇಡ. ಯಾವ ಊರಿನಲ್ಲಿಯಾದರೂ ನಡೆಯಬಹುದಾದದ್ದು. ಉತ್ಸವದ ಸಂಜೆ. ಹಳೆಯ ಗುಡಿಯೊಂದರಿಂದ ಕೂಗಳತೆಯ ದೂರದಲ್ಲಿ ವೇದಿಕೆ ಎದ್ದು ನಿಂತಿತ್ತು. ವೇದಿಕೆಯ ಹಿಂಬದಿಗೆ ಅದೇ ಗುಡಿಯ ಶಿಖರವನ್ನು ಹಲಗೆ-ಬಟ್ಟೆಗಳಲ್ಲಿ ಮಾಡಿ ನಿಲ್ಲಿಸಿ ಬಣ್ಣಬಣ್ಣದ ದೀಪ ಬಿಟ್ಟಿದ್ದರು. ಅಸಲು ಗುಡಿಯ ಬಾಗಿಲಲ್ಲಿ ಕಾವಲುಗಾರನು ಬೀಗ ಹಾಕುತ್ತಿದ್ದನು. ಆಗ ಒಬ್ಬ ಮುದುಕಿ, ಪಕ್ಕದ ಹಳ್ಳಿಯವಳು, ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು.

"ಯಪ್ಪಾ, ಹುಡುಗಿಗೆ ಗುಡಿ ತೋರಸಾಕ ಕರಕೊಂಡ ಬಂದೀನಿ."

"ಹೊತ್ತ ಮುಳಗೈತಿ ಯವ್ವಾ, ಇನ್ನ ಬಿಡಂಗಿಲ್ಲ. ನಾಳಿ ಬಾ."

"ನಾಳಿ ನಮ್ಮೂರಿಗೆ ಬಸ್ ಬಿಡತಾರೇನಪಾ? ಉತ್ಸವ ಐತೆಂತ ಇವತ್ತ ಬಿಟ್ಟಾರ."

ಕಾವಲುಗಾರನಲ್ಲಿ ತಪ್ಪಿಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಬುದು ಸಂರಕ್ಷಿತ ಸ್ಮಾರಕಗಳ ಸಾಮಾನ್ಯ ನಿಯಮ. ಹಾಗಿದ್ದರೆ ಮುಖ್ಯ ಕಾರ್ಯಕ್ರಮಗಳೆಲ್ಲ ಸೂರ್ಯಾಸ್ತದ ಅನಂತರವೇ ಆರಂಭವಾಗುವಂತೆ ಏರ್ಪಡಿಸಿದವರು ಏನನ್ನು ಯೋಚಿಸಿದ್ದರು? ಗುಡಿಯ ಹೆಸರಿನಲ್ಲಿ ಜನರನ್ನು ಕರೆದು, ಗುಡಿಗೆ ಬೀಗ ಹಾಕಿದ ಮೇಲೆ ಅವರನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ, ಸಿನಿಮಾ ಗಾಯಕರ ಹಾಡು ಕೇಳಿಸಿ ಕಳುಹಿಸುವುದಕ್ಕೆ ಇತಿಹಾಸವೇಕೆ ಬೇಕು? ಅಷ್ಟು ಕೆಲಸ ಯಾವ ಬಯಲಿನಲ್ಲಿಯಾದರೂ ಆದೀತು. ಮುದುಕಿ ಮೊಮ್ಮಗಳಿಗೆ ಹಲಗೆಯ ಶಿಖರವನ್ನೇ ತೋರಿಸಿ ಊರಿಗೆ ಮರಳಿದಳು.

ಹಗಲಿನಲ್ಲಿ ಮೆರವಣಿಗೆಗಳೂ ವಿಚಾರಗೋಷ್ಠಿಗಳೂ ಇರುತ್ತವೆಂದು ನೀವು ಹೇಳಬಹುದು. ಅಹುದು, ಇರುತ್ತವೆ. ಮೆರವಣಿಗೆಯು ಸ್ಮಾರಕದ ಮುಂದಿನಿಂದ ಹಾದು ವೇದಿಕೆಗೆ ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಗೋಷ್ಠಿಯಲ್ಲಿ ವಿದ್ವಾಂಸರು ವಿದ್ವಾಂಸರಿಗೆ ಪ್ರಬಂಧ ಓದುತ್ತಾರೆ. ಶಾಸನವಿರುವ ಕಲ್ಲು ಅಲ್ಲಿಂದ ನೂರು ಹೆಜ್ಜೆಯಲ್ಲಿರುತ್ತದೆ, ಅದರ ಮುಂದೆ ನಿಂತು ಊರ ಹುಡುಗರಿಗೆ ಒಂದು ಸಾಲು ಓದಿ ತೋರಿಸುವವರಿಲ್ಲ.

ಫ್ರಾನ್ಸ್ ದೇಶದಲ್ಲಿ 1984ರಲ್ಲಿ ಒಂದು ಪದ್ಧತಿಯನ್ನು ತಂದರು. ವರ್ಷದಲ್ಲಿ ಒಂದು ದಿನ ಐತಿಹಾಸಿಕ ಕಟ್ಟಡಗಳ ಬಾಗಿಲುಗಳನ್ನು ಸರ್ವರಿಗೂ ತೆರೆದಿಡುವುದು, ಅಷ್ಟೆ. 1991ರಲ್ಲಿ ಯುರೋಪ್ ಪರಿಷತ್ತು ಅದನ್ನು ಕೈಗೆತ್ತಿಕೊಂಡ ಮೇಲೆ ಅದು ಆ ಖಂಡದ ಹಲವು ದೇಶಗಳಿಗೆ ಹಬ್ಬಿತು. ಅಲ್ಲಿ ಬಾಗಿಲು ತೆರೆಯುವುದೇ ಉತ್ಸವ. ನಮ್ಮಲ್ಲಿ ಬಾಗಿಲು ಮುಚ್ಚಿದ ಮೇಲೆ ಉತ್ಸವ. ಪರದೇಶದ ಮಾತು ಎತ್ತಿದ್ದಕ್ಕೆ ಕ್ಷಮೆಯಿರಲಿ. ತೇರಿನ ಹಿಂದೆ ಊರೆಲ್ಲ ಸುತ್ತಿಬರುವ ಜಾತ್ರೆಯನ್ನು ಬಲ್ಲ ನಮಗೆ ಇದನ್ನು ಅವರಿಂದ ಕಲಿಯಬೇಕಾದ ಅಗತ್ಯವೇ ಇರಲಿಲ್ಲ.

ಲಕ್ಕುಂಡಿಯನ್ನೇ ತೆಗೆದುಕೊಳ್ಳಿರಿ. ಗದಗಿನಿಂದ ಹತ್ತು-ಹನ್ನೆರಡು ಕಿಲೋಮೀಟರು. ಶಾಸನಗಳಲ್ಲಿ ಲೊಕ್ಕಿಗುಂಡಿ ಎಂದು ಕರೆಯಿಸಿಕೊಂಡ ಈ ಊರಿನ ಹೆಸರಿನಲ್ಲಿ ಲೊಕ್ಕಿ ಗದ್ಯಾಣವೆಂಬ ನಾಣ್ಯವೇ ಚಲಾವಣೆಯಲ್ಲಿತ್ತು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಹೇಳಿಕೊಳ್ಳುತ್ತಾರೆ. ಈ ಊರಿನಲ್ಲಿ ಒಂದು ಮುಂಜಾನೆ ಏಳಕ್ಕೆ ಹೊರಟು ಮಧ್ಯಾಹ್ನದ ವರೆಗೆ ಕಾಲ್ನಡಿಗೆಯಲ್ಲಿ ಸುತ್ತಿದರೆ ಏನೇನು ಕಾಣಬಹುದೆಂಬುದನ್ನು ಬಲ್ಲಿರಾ?

ಮೊದಲು ಬ್ರಹ್ಮ ಜಿನಾಲಯ. ಅತ್ತಿಮಬ್ಬೆಯ ಹೆಸರಿನೊಡನೆ ಸೇರಿಕೊಂಡ ಬಸದಿ. ಅವಳ ದಾನಗಳನ್ನು ಹೇಳುವ ಲಕ್ಕುಂಡಿಯ ಶಾಸನವು 1007ನೆಯ ಇಸವಿಯದು, ಇರಿವಬೆಡಂಗ ಸತ್ಯಾಶ್ರಯನ ಆಳಿಕೆಯ ಕಾಲ. ಗಂಡ ನಾಗದೇವನು ಯುದ್ಧದಲ್ಲಿ ಮಡಿದಾಗ ಸವತಿಯೂ ತಂಗಿಯೂ ಆಗಿದ್ದ ಗುಂಡಮಬ್ಬೆಯು ಚಿತೆಯೇರಿದಳು. ಅತ್ತಿಮಬ್ಬೆಯು ಮಗನಿಗಾಗಿ ಬದುಕಿ ಉಳಿದಳು. ಹಾಗೆ ಉಳಿದವಳು ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಒಬ್ಬ ವಿಧವೆ, ಒಂದು ಗ್ರಂಥ, ಸಾವಿರ ಪ್ರತಿ! ಇದನ್ನು ಆ ಬಸದಿಯ ನೆರಳಿನಲ್ಲಿ ನಿಂತು ಕೇಳಿದ ಹುಡುಗಿಗೆ ಬೇರೆ ಸ್ತ್ರೀಶಕ್ತಿಯ ಭಾಷಣ ಬೇಕೆ?

ಅಲ್ಲಿಂದ ಕಾಶಿವಿಶ್ವೇಶ್ವರ. ಒಂದೇ ಜಗಲಿಯ ಮೇಲೆ ಎರಡು ಗುಡಿ: ಪೂರ್ವಕ್ಕೆ ಮುಖ ಮಾಡಿದ ಶಿವ, ಅವನಿಗೆ ಎದುರಾಗಿ ಪಶ್ಚಿಮಕ್ಕೆ ಮುಖ ಮಾಡಿದ ಸೂರ್ಯ. ಬಾಗಿಲವಾಡದ ಪಟ್ಟಿಕೆಗಳ ಕೆತ್ತನೆಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು, ವಿದ್ಯುದ್ದೀಪದ ನೇರ ಬೆಳಕು ಆ ಸೂಕ್ಷ್ಮವನ್ನು ನುಂಗಿಬಿಡುತ್ತದೆ. ಕಲ್ಲು ಬಳಪದ ಜಾತಿಯದು. ಮೆದುವಾದುದರಿಂದಲೇ ಶಿಲ್ಪಿಗಳು ಕಂಬಗಳನ್ನು ತಿರುಗಣಿಯಲ್ಲಿ ಕಡೆದಿದ್ದಾರೆ. ಹೊರಗೋಡೆಯಲ್ಲಿ ಅಲ್ಲಲ್ಲಿ ಶಿಖರಗಳ ಸಣ್ಣ ಸಣ್ಣ ಪ್ರತಿಕೃತಿಗಳಿವೆ. ಒಬ್ಬ ಬಡಿಗನನ್ನೋ ಕಲ್ಲುಕುಟಿಗನನ್ನೋ ಜೊತೆಗೆ ಕರೆದೊಯ್ಯಿರಿ. ನಾವು 'ಅದ್ಭುತ, ಅದ್ಭುತ' ಎನ್ನುತ್ತ ನಿಂತಿರುವಾಗ ಅವನು ಉಳಿಯ ಗುರುತು ಹುಡುಕುತ್ತಾನೆ, ಕಂಬವನ್ನು ಬೆರಳಿನಿಂದ ಬಡಿದು ನೋಡುತ್ತಾನೆ, ಕೂಡಿಸಿದ ಸಂದು ಎಲ್ಲಿದೆಯೆಂದು ತೋರಿಸುತ್ತಾನೆ.

ಮಗ್ಗುಲಲ್ಲಿ ನನ್ನೇಶ್ವರ. ಮುಂದೆ ಹಾಲಗುಂಡ ಬಸವಣ್ಣ, ಕುಂಭೇಶ್ವರ, ಕೋಟೆ ವೀರಭದ್ರೇಶ್ವರ. ಮಾಣಿಕೇಶ್ವರನ ಮುಂದೆ ಮುಸುಕಿನ ಬಾವಿ. ಮೂರು ಕಡೆಗೂ ಮೆಟ್ಟಿಲು, ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗೂಡುಗುಡಿಗಳು. ಕೆರೆ-ಬಾವಿಗಳಿಂದ ನೀರು ಕಾಣುವ ಬಯಲುಸೀಮೆಯ ಮನುಷ್ಯನಿಗೆ ನೀರಿಗೆ ಇಳಿಯುವ ದಾರಿಯೇ ದೇವಸ್ಥಾನವಾಗಿ ತೋರಿದ್ದರಲ್ಲಿ ಆಶ್ಚರ್ಯವೇನು? ಈ ಬಾವಿಯ ದಂಡೆಯಲ್ಲಿ ಕುಳಿತು ನಮ್ಮ ಓದುಗರು ನೆನೆಯಬೇಕಾದ ಇಬ್ಬರಿದ್ದಾರೆ. ಅಜಗಣ್ಣನೂ ಅವನ ತಂಗಿ ಮುಕ್ತಾಯಕ್ಕನೂ ಈ ಲಕ್ಕುಂಡಿಯವರೇ. ಅಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನು ಅಲ್ಲಮಪ್ರಭುವಿನೊಡನೆ ನಡೆಸಿದ ಸಂವಾದವನ್ನು ನಾವು ಪೀಠದ ಮೇಲೆ ಕುಳಿತು ವ್ಯಾಖ್ಯಾನಿಸುತ್ತೇವೆ. ಅವಳು ಆಡಿ ಬೆಳೆದ ಓಣಿಯ ಊರು ಹೇಗಿದೆಯೆಂದು ಒಮ್ಮೆಯಾದರೂ ಹೋಗಿ ನೋಡಿದವರು ನಮ್ಮೊಳಗೆ ಎಷ್ಟು ಮಂದಿ?

ತಿಳಿದವರು ತೋರಿಸದೆ ಹೋದರೆ ಆ ಎಡೆಯನ್ನು ತುಂಬುವವರು ಬೇರೆ ಇರುತ್ತಾರೆ. ಎಲ್ಲ ಗುಡಿಯನ್ನೂ ಜಕಣಾಚಾರಿಯೇ ಕಟ್ಟಿದನು, ಒಂದೇ ರಾತ್ರಿಯಲ್ಲಿ ಕಟ್ಟಿದನು ಎಂಬ ಕಥೆ ನಿರುಪದ್ರವಿ. ಕೇಳಿ ನಕ್ಕು ಬಿಡಬಹುದು. ಮೂಗು ಮುರಿದ ವಿಗ್ರಹ ಕಂಡಕೂಡಲೇ, ಇಂದಿನ ನೆರೆಹೊರೆಯವರ ಕಡೆಗೆ ಬೆರಳು ತೋರಿಸುವ ಕಥೆ ಮಾತ್ರ ನಿರುಪದ್ರವಿಯಲ್ಲ. ಅತ್ತಿಮಬ್ಬೆಯ ಶಾಸನ ಹುಟ್ಟಿದ ಆ 1007ರಲ್ಲಿಯೇ ಕೆತ್ತಿಸಿದ ಇನ್ನೊಂದು ಶಾಸನ ಈಗಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿದೆ. ಚೋಳನ ಸೈನ್ಯವು ದೋಣೂರಿನಲ್ಲಿ ಬೀಡುಬಿಟ್ಟು, ನಾಡನ್ನು ಸೂರೆಗೊಂಡು, ಹೆಂಗಸರೆನ್ನದೆ ಮಕ್ಕಳೆನ್ನದೆ ಬ್ರಾಹ್ಮಣರೆನ್ನದೆ ಕೊಂದಿತೆಂದು ಅದು ಹೇಳುತ್ತದೆ. ಬಂದವನು ಶಿವಭಕ್ತ ದೊರೆಯ ಸೈನಿಕ! ಇನ್ನು ಎಷ್ಟೋ ಕಂಬಗಳನ್ನು ಮುರಿದು ಒಯ್ದವರು ಯಾವ ಶತ್ರುವೂ ಅಲ್ಲ. ದನದ ಕೊಟ್ಟಿಗೆಗೆ ಆಸರೆ ಬೇಕಾಗಿದ್ದ ನಮ್ಮ ಅಜ್ಜಂದಿರು. ಇದನ್ನು ಕಲ್ಲಿನ ಎದುರು ನಿಂತು, ಶಾಸನದ ಆಧಾರದಿಂದ ಹೇಳುವವರಿಲ್ಲವಾದಲ್ಲಿ ಸುಳ್ಳು ತನ್ನ ಅಂಗಡಿ ತೆರೆಯುತ್ತದೆ.

'ಜನರು ಬರುವುದೇ ಹಾಡು ಕುಣಿತಕ್ಕಾಗಿ. ಕಲ್ಲು ನೋಡಲು ಯಾರು ಬರುತ್ತಾರೆ?' ಎಂದು ಅಧಿಕಾರಿಗಳೊಬ್ಬರು ನನಗೆ ಹೇಳಿದರು. ರಾತ್ರಿಯೆಲ್ಲ ನಿದ್ದೆಗೆಟ್ಟು ದೊಡ್ಡಾಟ ನೋಡಿ, ಪಾತ್ರಧಾರಿ ಒಂದು ಪದ ತಪ್ಪಿದರೆ ಗುರುತಿಸಿ ಕೂಗುತ್ತಿದ್ದ ಜನರು ಇವರೇ. ಹಾಗೆ ಹೇಳಿದವರು ಜನರನ್ನು ಒಂದು ಸಲವೂ ಕರೆದು ನೋಡಿಲ್ಲ. ಕರೆದಾಗ ಏನಾಯಿತೆಂಬುದಕ್ಕೆ ಲಕ್ಕುಂಡಿಯೇ ಸಾಕ್ಷಿ. 2024ರ ನವೆಂಬರಿನಲ್ಲಿ ಪ್ರಾಚ್ಯಾವಶೇಷಗಳ ಅನ್ವೇಷಣೆಗೆಂದು ತಂಡಗಳು ಆ ಊರಿನ ಮನೆಮನೆಗೆ ಹೋದವು. ಹಿತ್ತಲಿನಿಂದ, ಕಟ್ಟೆಯಿಂದ, ಗೋಡೆಯ ಬದಿಯಿಂದ ನೂರಾರು ಅವಶೇಷಗಳು ಬೆಳಕಿಗೆ ಬಂದವು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡೋಲೆ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದುದು ನನಗೆ ನೆನಪಾಯಿತು. ವೇದಿಕೆಯ ಮೇಲೆ ಕಾದು ಕುಳಿತವರಿಗೆ ಅವರು ಹುಡುಕಿದ್ದು ಎಂದೂ ಸಿಕ್ಕುತ್ತಿರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತಲಿನ 100 ಮೀಟರುಗಳಲ್ಲಿ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರುಗಳಲ್ಲಿ ಅನುಮತಿ ಬೇಕು. ನಿಯಮ ಒಳ್ಳೆಯದೇ. ಆದರೆ ಹೆಜ್ಜೆಗೊಂದು ಗುಡಿಯಿರುವ ಊರಿನಲ್ಲಿ ಅದರ ಭಾರ ಬೀಳುವುದು ಯಾರ ಮೇಲೆ? ಮಗನ ಮದುವೆಗೆ ಒಂದು ಕೋಣೆ ಎತ್ತಲಾರದ, ಸೋರುವ ಮಾಳಿಗೆಗೂ ಅರ್ಜಿ ಹಿಡಿದು ಅಲೆಯುವ ರೈತನ ಮೇಲೆ. ಒಂದು ಸಾವಿರ ವರ್ಷದ ಕಲ್ಲಿಗಾಗಿ ಇಷ್ಟು ತ್ಯಾಗ ಮಾಡುವವನನ್ನು ಉತ್ಸವದ ದಿನ ಬಿದಿರಿನ ಕಟಕಟೆಯ ಆಚೆ, ಗಣ್ಯರ ವಾಹನಗಳ ಧೂಳಿನಲ್ಲಿ ನಿಲ್ಲಿಸುತ್ತಾರೆ. ಅವನು ಊರು ತೋರಿಸುವವನಾಗಬೇಕಾಗಿತ್ತು. ಉತ್ಸವದ ವೆಚ್ಚದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಊರಿನ ಇಪ್ಪತ್ತು ಜನ ಯುವಕ-ಯುವತಿಯರಿಗೆ ಮೂರು ತಿಂಗಳು ಹಳಗನ್ನಡ ಲಿಪಿ ಕಲಿಸಿದ್ದರೆ ಇಂದು ಪ್ರತಿಯೊಂದು ಗುಡಿಯ ಮುಂದೆ ಒಬ್ಬರು ನಿಂತಿರುತ್ತಿದ್ದರು.

ಸರಕಾರವನ್ನು ಬೈದು ಲೇಖನಿಯನ್ನು ಕೆಳಗಿಡುವುದು ಸುಲಭ. ಆದರೆ ನಮ್ಮ ಮಠ-ಗುಡಿಗಳ ಜಾತ್ರೆಗಳಲ್ಲಿ ಏನಾಗುತ್ತಿದೆ? ಜಾತ್ರೆ ಬಂದಿತೆಂದರೆ ಸುಣ್ಣ, ಎಣ್ಣೆಬಣ್ಣ. ಶಾಸನದ ಅಕ್ಷರಗಳು ಪದರ ಪದರವಾಗಿ ಹೂತುಹೋಗುತ್ತವೆ. ತೊಲೆ-ಜಂತಿಗಳ ಹಳೆಯ ಪಡಸಾಲೆಯನ್ನು ಕೆಡವಿ ಸಿಮೆಂಟಿನ ಮಂಟಪ ಎಬ್ಬಿಸುತ್ತೇವೆ. ದಾನಿಯ ಹೆಸರನ್ನು ಗ್ರಾನೈಟಿನಲ್ಲಿ ಬಂಗಾರದ ಅಕ್ಷರಗಳಿಂದ ಬರೆಯಿಸಿ, ಎಂಟು ನೂರು ವರ್ಷದ ದಾನಶಾಸನವನ್ನು ಬಟ್ಟೆ ಒಗೆಯುವ ಕಲ್ಲಾಗಿಸುತ್ತೇವೆ. ಒಂದು ಊರಿನಲ್ಲಿ ನಾನೇ ನೋಡಿದ್ದೇನೆ: ಗದ್ದುಗೆಯ ಗೋಡೆಯ ಮೇಲಿನ ಶಿಲಾಲಿಪಿಯನ್ನು ಭಕ್ತರು ಭಕ್ತಿಯಿಂದಲೇ ಟೈಲ್ಸ್ ಹಾಕಿ ಮುಚ್ಚಿದ್ದರು. ಏನು ಬರೆದಿತ್ತೆಂದು ಕೇಳಿದೆನು. 'ಏನೋ ಹಳೇದು ಇತ್ರೀ' ಎಂದರು.

ಇಷ್ಟಕ್ಕೂ ನಾನು ಕೇಳುತ್ತಿರುವುದು ದೊಡ್ಡದಲ್ಲ. ಮುಂದಿನ ಉತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅದರಲ್ಲಿ ಒಂದು ಸಾಲು ಸೇರಲಿ: 'ಬೆಳಿಗ್ಗೆ 7 ಗಂಟೆಗೆ, ಬಸದಿಯ ಮುಂದೆ, ಊರವರೊಡನೆ ನಡಿಗೆ.' ಆ ಹೊತ್ತಿಗೆ ಮುಟ್ಟುವಂತೆ ಹಳ್ಳಿಗಳಿಂದ ಬಸ್ಸುಗಳನ್ನು ಬಿಡಲಿ. ರಾತ್ರಿ ಹಾಡಿರಲಿ, ಕುಣಿತವಿರಲಿ. ನಾವೇನು ಸಂಗೀತದ ವೈರಿಗಳಲ್ಲ. ಅಂತೆಯೇ ಜಾತ್ರೆಯ ತೇರು ಎಳೆಯುವ ದಿನ ಮುಂಜಾನೆ, ನಿಮ್ಮ ನಿಮ್ಮ ಊರಿನ ಗುಡಿಯ ಗೋಡೆಯಲ್ಲಿ ಬಣ್ಣದ ಅಡಿಯಲ್ಲಿ ಅಕ್ಷರಗಳಿವೆಯೇ ಎಂದು ಹಿರಿಯರನ್ನು ಕೇಳಿರಿ. ಇದೆ ಎಂದರೆ ಕೆರೆಯಬೇಡಿರಿ, ಆಮ್ಲ ಸುರಿಯಬೇಡಿರಿ, ಬಲ್ಲವರಿಗೆ ತಿಳಿಸಿರಿ. ಈ ವರ್ಷ ಸುಣ್ಣದವನು ಬಂದಾಗ ಆ ಗೋಡೆಯೊಂದನ್ನು ಬಿಟ್ಟುಬಿಡಲು ಹೇಳಿರಿ.