ಡಬ್ಬಿ ಪುಡಿ ಮತ್ತು ಹುರುಳಿಕಾಳು

ದೇವಸಮುದ್ರದ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. "ಅಣ್ಣಾ, ಜಿಮ್ ಮಾಸ್ಟ್ರು ಮುದ್ದೆ ಬಿಡು, ಪ್ರೋಟೀನ್ ಡಬ್ಬಿ ತಗೋ ಅಂತಾರೆ. ಮೂರು ಸಾವಿರ!" ಮೈ ಉರಿದುಹೋಯ್ತು. ಮುದ್ದೆ ಏನ್ರೀ ಪಾಪ ಮಾಡಿದೆ?

ಹಾಗಂತ, ಶೇಂಗಾ ಸೀಮೆಯವರಲ್ವಾ, "ಶೇಂಗಾ ತಿಂದ್ರೆ ಸಾಕು" ಅನ್ನೋರನ್ನೂ ನಾನು ಒಪ್ಪಲ್ಲ. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನು ನಿಜ. ಜೊತೆಗೆ 50 ಗ್ರಾಂ ಹತ್ತಿರ ಕೊಬ್ಬು! ಚಳ್ಳಕೆರೆ ಎಣ್ಣೆ ಮಿಲ್ಲುಗಳು ಸುಮ್ಮನೆ ಹುಟ್ಟಿದ್ವಾ? ಹೊಟ್ಟೆ ಕರಗಿಸೋನು ಅದನ್ನ ಮುಕ್ಕಿದರೆ ಆಯ್ತು ಕತೆ :)

ಅದೇ ಹುರುಳಿಯಲ್ಲಿ ಪ್ರೋಟೀನು 22 ಗ್ರಾಂ, ಕೊಬ್ಬು ನೆಪಕ್ಕೆ. ಆದರೆ ಎತ್ತಿಗೆ ಹಾಕೋ ಕಾಳು ಅಂತ ನಮಗೆ ನಾಚಿಕೆ. ಎತ್ತಿನ ಮೈಕಟ್ಟು ನೋಡಿದ್ದೀರಾ?

"ಎರಡು ಮುದ್ದೆ ಬದಲು ಒಂದು, ಹುರುಳಿ ಸಾರು ಕಾಳಿನ ಸಮೇತ, ಎರಡು ಮೊಟ್ಟೆ. ಭಾರ ಎತ್ತೋದು ಮಾತ್ರ ತಪ್ಪಿಸಬೇಡ" ಅಂದೆ.

"ಮಾಸ್ಟ್ರು ಬೈತಾರಣ್ಣಾ..."

ಬೈಲಿ ಬಿಡೋ.