ಮಗುವಿನ ಸೀಟನ್ನು ಯಾವಾಗ ಮುಂದಕ್ಕೆ ತಿರುಗಿಸಬೇಕು? ಯಾರನ್ನು ಕೇಳಲಿ?

ಇವರಿಗೆ,
ಮಾನ್ಯ ಸಾರಿಗೆ ಸಚಿವರು ಮತ್ತು ಮಾನ್ಯ ಆರೋಗ್ಯ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಕಾರಿನಲ್ಲಿ ಎಳೆಮಕ್ಕಳನ್ನು ಹಿಮ್ಮುಖವಾಗಿ ಕೂರಿಸುವ ಬಗ್ಗೆ ಸ್ಪಷ್ಟ ನಿಯಮವಾಗಲಿ ಮಾಹಿತಿಯಾಗಲಿ ಇಲ್ಲದಿರುವ ಕುರಿತು

ಮಾನ್ಯರೇ,

ನನ್ನ ಮಗಳಿಗೆ ಒಂದು ವರ್ಷ ತುಂಬಿದೆ. ನಾವಿರುವುದು ಮೈಸೂರಿನಲ್ಲಿ, ತವರು ಬೆಂಗಳೂರು. ಹೆದ್ದಾರಿಯಲ್ಲಿ ಓಡಾಟ ತಪ್ಪುವುದಿಲ್ಲ. ಅವಳು ಕೂರುವ ಕಾರ್ ಸೀಟು ಈಗ ಹಿಂದಿನ ಗಾಜಿನ ಕಡೆಗೆ ಮುಖ ಮಾಡಿದೆ. ಅದನ್ನು ಯಾವಾಗ ಮುಂದಕ್ಕೆ ತಿರುಗಿಸಬೇಕು ಎಂಬ ಒಂದೇ ಪ್ರಶ್ನೆ ಹಿಡಿದು ನಾನು ಕೇಳಬಹುದಾದವರನ್ನೆಲ್ಲ ಕೇಳಿದ್ದೇನೆ. ಸೀಟು ಮಾರಿದ ಅಂಗಡಿಯವರು, "ವರ್ಷ ಆಯ್ತಲ್ಲ ಮೇಡಂ, ತಿರುಗಿಸಿಬಿಡಿ" ಎಂದರು. ಕಾರು ಮಾರಿದ ಷೋರೂಮಿನಲ್ಲಿ ಮಕ್ಕಳ ಸೀಟನ್ನು ಸಿಕ್ಕಿಸುವ, ಹಿಂದಿನ ಸೀಟಿನ ಐಸೋಫಿಕ್ಸ್ ಕೊಕ್ಕೆಗಳು ಎಲ್ಲಿವೆ ಎಂದು ತೋರಿಸಲೂ ಯಾರಿಗೂ ಬರಲಿಲ್ಲ. ಲಸಿಕೆಗೆ ಹೋದ ಕ್ಲಿನಿಕ್ಕಿನಲ್ಲಿ ಸಿಕ್ಕ ಉತ್ತರ, "ಕತ್ತು ನಿಂತ ಮೇಲೆ ಏನೂ ತೊಂದರೆ ಇಲ್ಲ." ಹೆದ್ದಾರಿಯ ತಪಾಸಣೆಯಲ್ಲಿ ನಿಂತಿದ್ದ ಪೊಲೀಸರು ನಮ್ಮ ಡಿಎಲ್ಲು, ಇನ್ಶೂರೆನ್ಸು ನೋಡಿದರು. ಮಗುವಿನ ಕಡೆ ಕಣ್ಣು ಹಾಯಿಸಲಿಲ್ಲ.

ಇವರಲ್ಲಿ ಯಾರ ಮೇಲೂ ನನಗೆ ಕೋಪವಿಲ್ಲ. ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ನೀವು, ಅದಕ್ಕೇ ಈ ಪತ್ರ.

ಕತ್ತು ನಿಂತಿತು ಎಂದರೆ ಮಗು ತನ್ನ ತಲೆಯ ಭಾರವನ್ನು ತಾನು ಹೊರಬಲ್ಲದು ಎಂದಷ್ಟೇ. ಅಪಘಾತದ ಹೊಡೆತವನ್ನು ಆ ಕತ್ತು ತಡೆಯುತ್ತದೆ ಎಂದಲ್ಲ. ಹುಟ್ಟಿದ ಮಗುವಿನ ತಲೆ ಅದರ ಮೈಯುದ್ದದ ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಏಳನೆಯ ಅಥವಾ ಎಂಟನೆಯ ಒಂದು ಭಾಗ. ಆ ದೊಡ್ಡ ತಲೆಯನ್ನು ಹೊತ್ತಿರುವ ಕತ್ತಿನ ಎಲುಬುಗಳು ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ. ಒಂದೊಂದೂ ಬಿಡಿ ತುಂಡುಗಳಾಗಿದ್ದು, ನಡುವೆ ಮೃದ್ವಸ್ಥಿ ಇರುತ್ತದೆ. ಆ ತುಂಡುಗಳು ಬೆಸೆದುಕೊಳ್ಳುವುದು ಬಹುಪಾಲು ಮೂರರಿಂದ ಆರು ವರ್ಷದ ನಡುವೆ. ಎಲುಬುಗಳನ್ನು ಕಟ್ಟಿ ಹಿಡಿಯುವ ನಾರುಗಳೂ ಸಡಿಲ. ಹೀಗಾಗಿ ಎಳೆಯ ಬೆನ್ನುಹುರಿಯ ಗೂಡು ಎಳೆದಷ್ಟು ಹಿಗ್ಗುತ್ತದೆ, ಒಳಗಿನ ಹುರಿ ಅಷ್ಟು ಹಿಗ್ಗಲಾರದು.

ಮುಂದಕ್ಕೆ ಮುಖ ಮಾಡಿ ಕೂತ ಮಗುವಿರುವ ಕಾರು ಎದುರಿನಿಂದ ಗುದ್ದಿತು ಎನ್ನಿ. ಭುಜಗಳನ್ನು ಬೆಲ್ಟು ಹಿಡಿದು ನಿಲ್ಲಿಸುತ್ತದೆ, ತಲೆ ಮುಂದಕ್ಕೇ ಹೋಗುತ್ತದೆ, ಎಳೆತವೆಲ್ಲ ಆ ಕತ್ತಿನ ಮೇಲೆ ಬೀಳುತ್ತದೆ. ಹಿಮ್ಮುಖವಾಗಿ ಕೂತಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒರಗುತ್ತವೆ, ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. "ಹಿಂದಿನಿಂದ ಗುದ್ದಿದರೆ?" ಎಂದು ಕೇಳುವವರಿದ್ದಾರೆ. ಹಿಂದಿನಿಂದ ಬರುವ ವಾಹನ ನಮ್ಮ ದಿಕ್ಕಿನಲ್ಲೇ ಓಡುತ್ತಿರುವುದರಿಂದ ಆ ಹೊಡೆತ ಸಾಮಾನ್ಯವಾಗಿ ಕಡಿಮೆ. ಭೀಕರವಾದ ಡಿಕ್ಕಿಗಳು ಹೆಚ್ಚಾಗಿ ಎದುರಿನವೇ.

ನನ್ನ ಅಕ್ಕ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದಾಳೆ. ಮೂರು ವರ್ಷ ದಾಟಿದ ಅವಳ ಮಗ ಈಗಲೂ ಹಿಮ್ಮುಖವಾಗಿಯೇ ಕೂರುತ್ತಾನೆ, ಅಲ್ಲಿ ಅದು ಯಾರಿಗೂ ವಿಶೇಷವಲ್ಲ. ಅದೇ ಊರಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರಾಧ್ಯಾಪಕರು 1960ರ ದಶಕದಲ್ಲಿ ಈ ಯೋಚನೆಗೆ ರೂಪ ಕೊಟ್ಟವರು. ಅಮೆರಿಕದ ಜೆಮಿನಿ ಬಾಹ್ಯಾಕಾಶ ನೌಕೆಯ ಗಗನಯಾತ್ರಿಗಳು ಉಡಾವಣೆಯ ಒತ್ತಡ ತಡೆಯಲು ಬೆನ್ನೊರಗಿಸಿ ಮಲಗುವುದನ್ನು ನೋಡಿ, ಮಕ್ಕಳನ್ನೂ ಹಾಗೆ ಬೆನ್ನು ಕೊಟ್ಟು ಕೂರಿಸಬಹುದಲ್ಲ ಎಂದುಕೊಂಡರಂತೆ. ವೋಲ್ವೊ ಕಂಪನಿ 1964ರಲ್ಲಿ ಮೊದಲ ಮಾದರಿಯನ್ನು ಪರೀಕ್ಷಿಸಿ, 1972ರಲ್ಲಿ ಹಿಮ್ಮುಖ ಸೀಟನ್ನು ಮಾರುಕಟ್ಟೆಗೆ ತಂದಿತು. ನಾಲ್ಕು ವರ್ಷದ ಸುಮಾರಿನವರೆಗೆ ಹಿಮ್ಮುಖ ಎಂಬುದು ಅಲ್ಲಿ ಕಾನೂನಲ್ಲ, ಸಲಹೆ. ಅದು ಮನೆಮನೆಯ ರೂಢಿಯಾಗಿರುವುದಕ್ಕೆ ಕಾರಣವಿದೆ: ಮಗುವಿನ ತೂಕ ನೋಡುವ ದಾದಿಯೇ ಸೀಟಿನ ಬಗ್ಗೆಯೂ ವಿಚಾರಿಸುತ್ತಾರೆ ಎಂದು ಅಕ್ಕ ಹೇಳುತ್ತಾಳೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹಿಮ್ಮುಖ ಸೀಟು "ಐದು ಪಟ್ಟು ಸುರಕ್ಷಿತ" ಎಂಬ ಲೆಕ್ಕ ಎಲ್ಲೆಡೆ ಓಡಾಡುತ್ತದೆ. ಅದರ ಮೂಲ 2007ರಲ್ಲಿ 'ಇಂಜುರಿ ಪ್ರಿವೆನ್ಷನ್' ಪತ್ರಿಕೆಯಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನ. ಅದೇ ಅಂಕಿಅಂಶಗಳನ್ನು ಬೇರೆ ಸಂಶೋಧಕರು ಮತ್ತೆ ಲೆಕ್ಕ ಹಾಕಿದಾಗ ಫಲಿತಾಂಶ ನಿಲ್ಲಲಿಲ್ಲ, 2018ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ "ಎರಡು ವರ್ಷದವರೆಗೆ" ಎಂದಿದ್ದ ಸಲಹೆಯನ್ನು 2018ರ ಆಗಸ್ಟ್‌ನಲ್ಲಿ ತಿದ್ದಿತು. ಹಾಗೆಂದು ಮೊದಲೇ ತಿರುಗಿಸಿ ಎನ್ನಲಿಲ್ಲ. ವಯಸ್ಸಿನ ಗೆರೆಯನ್ನೇ ಅಳಿಸಿ, ಸೀಟು ಹಿಮ್ಮುಖವಾಗಿ ಹೊರುವ ಗರಿಷ್ಠ ತೂಕ ಅಥವಾ ಎತ್ತರವನ್ನು ಮಗು ಮುಟ್ಟುವವರೆಗೆ, ಸಾಧ್ಯವಾದಷ್ಟು ಹೆಚ್ಚು ಕಾಲ ಹಾಗೇ ಇರಲಿ ಎಂದಿತು. ಒಂದು ಅಂಕಿ ಬಿದ್ದುಹೋಯಿತು, ಎಳೆಯ ಕತ್ತಿನ ಸ್ವಭಾವ ಬದಲಾಗಲಿಲ್ಲ. ಹುಟ್ಟುಹಬ್ಬದ ಮೇಣದಬತ್ತಿ ಎಣಿಸಿ ಸೀಟು ತಿರುಗಿಸುವುದು ತಪ್ಪು ಎನ್ನಲು ನನಗೆ ಇಷ್ಟು ಸಾಕು.

ಈಗ ನಮ್ಮ ಕಾನೂನಿಗೆ ಬರುತ್ತೇನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 194ಬಿ ಕಲಂ ಬಂತು. 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟಾಗಲಿ ಮಕ್ಕಳ ಸುರಕ್ಷಾ ಸೀಟಾಗಲಿ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಒಳ್ಳೆಯದೇ. ಆದರೆ ಆರು ತಿಂಗಳ ಕೂಸಿಗೂ ಹದಿಮೂರು ವರ್ಷದ ಹುಡುಗನಿಗೂ ಒಂದೇ ವಾಕ್ಯ! ಯಾವ ವಯಸ್ಸಿಗೆ ಯಾವ ಸೀಟು, ಮುಖ ಯಾವ ಕಡೆಗೆ ಎಂಬುದು ಆ ಕಲಮಿನಲ್ಲಿಲ್ಲ. ನಮ್ಮ ಎಐಎಸ್-072 ಮಾನದಂಡ ಸೀಟುಗಳನ್ನು ತೂಕದ ಗುಂಪುಗಳಾಗಿ ಬಿಡಿಸಿದೆ: 10 ಕಿಲೋವರೆಗೆ, 13 ಕಿಲೋವರೆಗೆ, 9ರಿಂದ 18 ಕಿಲೋ, ಹೀಗೆ. ತಂದೆತಾಯಿ ಡಬ್ಬದ ಮೇಲಿನ "9–18" ನೋಡುತ್ತಾರೆ, ಮಗು ಒಂಬತ್ತು ಕಿಲೋ ಆದೊಡನೆ ತಿರುಗಿಸುತ್ತಾರೆ. ನಮ್ಮ ಎಷ್ಟೋ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಆ ತೂಕಕ್ಕೆ ಬರುತ್ತವೆ. ಯುರೋಪಿನಲ್ಲಿ ಇಂಥದೇ ತೂಕದ ಲೆಕ್ಕ ಸಾಲದು ಎಂದು ಕಂಡು, 2013ರಲ್ಲಿ ಜಾರಿಗೆ ಬಂದ ಆರ್129 ನಿಯಮ 15 ತಿಂಗಳು ತುಂಬುವವರೆಗಾದರೂ ಹಿಮ್ಮುಖ ಕಡ್ಡಾಯ ಎಂದಿತು. ಅದು ಕನಿಷ್ಠ, ಗುರಿಯಲ್ಲ.

ನಮ್ಮಲ್ಲಿ ಇಂಥ ನಿಯಮ ಬರೆಯುವುದು ಆಗದ ಕೆಲಸವೇನಲ್ಲ. ದ್ವಿಚಕ್ರ ವಾಹನದಲ್ಲಿ ಹೋಗುವ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಗಂಟೆಗೆ 40 ಕಿಲೋಮೀಟರ್ ಮಿತಿ ಎಂದು ಕೇಂದ್ರ ಸರ್ಕಾರ 2022ರ ಫೆಬ್ರವರಿ 15ರಂದು ವಿವರವಾಗಿ ಅಧಿಸೂಚನೆ ಹೊರಡಿಸಿದೆ. ಸ್ಕೂಟರಿನ ಮಗುವಿಗೆ ತಿಂಗಳ ಲೆಕ್ಕದಲ್ಲಿ ಬರೆದವರು ಕಾರಿನ ಮಗುವಿಗೂ ಬರೆಯಬಹುದಿತ್ತು. ಇನ್ನೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಭಾರತದ ಕಾರುಗಳಿಗೆ, ಕಾರಿನ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಗಳಲ್ಲಿ ಹದಿನೆಂಟು ತಿಂಗಳ ಮಗುವಿನ ಗಾತ್ರದ ಗೊಂಬೆಯನ್ನು ಮಾತ್ರವಲ್ಲ, ಹಲವು ಕಾರುಗಳಲ್ಲಿ ಮೂರು ವರ್ಷದ ಮಗುವಿನ ಗೊಂಬೆಯನ್ನೂ ಹಿಮ್ಮುಖವಾಗಿಯೇ ಕೂರಿಸಿದ್ದಾರೆ. ಆ ಪರೀಕ್ಷೆಯಲ್ಲಿ ಬಂದ ನಕ್ಷತ್ರಗಳನ್ನು ದೊಡ್ಡದಾಗಿ ತೋರಿಸಿ ನಮಗೆ ಕಾರು ಮಾರುತ್ತಾರೆ. ಗೊಂಬೆಗೆ ಸಿಕ್ಕ ರಕ್ಷಣೆಯನ್ನು ನಮ್ಮ ಮಕ್ಕಳಿಗೆ ಹೇಗೆ ಕೊಡಬೇಕೆಂದು ಮಾತ್ರ ಹೇಳುವುದಿಲ್ಲ.

ಮನೆಯೊಳಗಿನ ಮಾತುಗಳೂ ಇವೆ. "ಪಾಪ, ಕೂಸು ಗೋಡೆ ನೋಡ್ಕೊಂಡು ಕೂತಿದೆ, ನನ್ನ ಮಡಿಲಿಗೆ ಕೊಡೇ" ಎನ್ನುತ್ತಾರೆ ನಮ್ಮ ಅತ್ತೆ. ಅದು ಪ್ರೀತಿಯ ಮಾತು, ನನಗೆ ಗೊತ್ತು. ಆದರೆ ಲೆಕ್ಕ ಕಠಿಣವಾಗಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹತ್ತು ಕಿಲೋ ಮಗುವನ್ನು ಹಿಡಿದ ಕೈಗಳ ಮೇಲೆ ಸುಮಾರು 140 ಕಿಲೋದಷ್ಟು ಎಳೆತ ಬೀಳುತ್ತದೆ. ಯಾವ ತಾಯಿಯ, ಯಾವ ಅಜ್ಜಿಯ ಕೈಯೂ ಅದನ್ನು ತಡೆಯದು. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿ ಇದರ ಎರಡರಷ್ಟು, ಗಂಟೆಗೆ 100 ಕಿಲೋಮೀಟರ್. ಅಲ್ಲಿನ ಕ್ಯಾಮೆರಾಗಳು ವೇಗ ಹಿಡಿಯುತ್ತವೆ, ಮುಂದೆ ಕೂತವರ ಬೆಲ್ಟು ನೋಡುತ್ತವೆ. ಮುಂದಿನ ಸೀಟಿನ ಮಡಿಲಲ್ಲಿ ಮಗುವನ್ನು ನಿಲ್ಲಿಸಿಕೊಂಡು ಹೋಗುವ ಕಾರುಗಳನ್ನು ಆ ರಸ್ತೆಯಲ್ಲಿ ನಾನು ಪ್ರತಿ ಸಲವೂ ಕಾಣುತ್ತೇನೆ; ಅವರಿಗೆ ದಂಡ ಬಿದ್ದದ್ದನ್ನು ಕೇಳಿಲ್ಲ.

ಕಾಲು ಮಡಚಿಕೊಳ್ಳುತ್ತದೆ, ನೋವಾಗುತ್ತದೆ ಎಂಬ ಅಂಜಿಕೆಯೂ ಸಾಮಾನ್ಯ. ಮಕ್ಕಳು ನೆಲದ ಮೇಲೂ ಚಕ್ಕಳಮಕ್ಕಳ ಹಾಕಿಯೇ ಕೂರುತ್ತವೆ, ಅವಕ್ಕೆ ಅದು ಹಿಂಸೆಯಲ್ಲ. ಅಪಘಾತದಲ್ಲಿ ಕಾಲಿಗೆ ಪೆಟ್ಟಾಗುವುದು ಮುಮ್ಮುಖವಾಗಿ ಕೂತ ಮಕ್ಕಳಲ್ಲೇ ಹೆಚ್ಚು. ನೋಡಬೇಕಾದದ್ದು ಕಾಲನ್ನಲ್ಲ, ತಲೆಯನ್ನು. ಮಗುವಿನ ನೆತ್ತಿ ಸೀಟಿನ ಚಿಪ್ಪಿನ ಮೇಲಂಚಿಗಿಂತ ಎರಡೂವರೆ ಸೆಂಟಿಮೀಟರ್ ಕೆಳಗಿದ್ದು, ತೂಕ ಆ ಸೀಟಿನ ಹಿಮ್ಮುಖ ಮಿತಿಯೊಳಗಿದ್ದರೆ ಸೀಟು ಇನ್ನೂ ಸಾಲುತ್ತದೆ ಎಂದೇ ಅರ್ಥ. ಸಣ್ಣ ಕಾರಿನಲ್ಲಿ ಮುಂದಿನವರು ಮೊಣಕಾಲು ಒತ್ತಿಕೊಂಡು ಕೂರಬೇಕಾಗುತ್ತದೆ ಎಂಬುದು ನಿಜವಾದ ಕಷ್ಟ. ನಮ್ಮ ಮನೆಯಲ್ಲಿ ಅದನ್ನು ದೊಡ್ಡವರು ಸಹಿಸುತ್ತಿದ್ದೇವೆ. ಆ ಇಕ್ಕಟ್ಟಿಗೆ ಹೆದರಿ ಹಿಮ್ಮುಖ ಸೀಟನ್ನು ಮುಂದಕ್ಕೆ, ಚಾಲಕರ ಪಕ್ಕಕ್ಕೆ ತಂದು ಕಟ್ಟುವುದಂತೂ ಪ್ರಾಣಾಪಾಯ. 2022ರಿಂದ ಮಾರಾಟವಾಗುತ್ತಿರುವ ಕಾರುಗಳಲ್ಲಿ ಆ ಜಾಗಕ್ಕೆ ಏರ್‌ಬ್ಯಾಗ್ ಕಡ್ಡಾಯ. ಅದು ಸಿಡಿದರೆ ನೇರವಾಗಿ ಮಗುವಿನ ತಲೆಯ ಹಿಂದಿನ ಚಿಪ್ಪಿಗೇ ಬಡಿಯುತ್ತದೆ. ಈ ಎಚ್ಚರಿಕೆ ಬಿಸಿಲುತಡೆಯ ಮೇಲೆ ಸಣ್ಣ ಚಿತ್ರವಾಗಿ ಇದೆ. ನಮ್ಮ ಕಾರಿನಲ್ಲಿ ಅದರ ಜೊತೆಗೆ ಕನ್ನಡದ ಒಂದು ಸಾಲೂ ಇಲ್ಲ.

ದುಡ್ಡಿನ ವಿಷಯವನ್ನು ಮರೆತಿಲ್ಲ. ನಾವು ನೋಡಿದ ಅಂಗಡಿಗಳಲ್ಲಿ ಹೆಚ್ಚಿನ ಸೀಟುಗಳು ಹಿಮ್ಮುಖವಾಗಿ 13 ಕಿಲೋವರೆಗೆ ಮಾತ್ರ ಹೊರುವಂಥವು. 18 ಕಿಲೋವರೆಗೆ ಹೊರುವುದು ಬೇಕೆಂದರೆ ಬೆಲೆ ಏರುತ್ತದೆ. ಬಾಡಿಗೆ ಕಾರುಗಳಲ್ಲಂತೂ ಮಕ್ಕಳ ಸೀಟು ಕೇಳಿದರೆ ಚಾಲಕರು ಅಚ್ಚರಿಯಿಂದ ನೋಡುತ್ತಾರೆ.

ಮಾನ್ಯರೇ, ಕೇಂದ್ರದ ಕಾಯ್ದೆಯನ್ನು ನೀವಷ್ಟೇ ತಿದ್ದಲಾಗದು. ಆದರೆ ಕನಿಷ್ಠ ಎರಡು ವರ್ಷದವರೆಗೆ ಹಿಮ್ಮುಖ ಕಡ್ಡಾಯವಾಗಲಿ, ಸೀಟಿನ ಮಿತಿ ಇರುವವರೆಗೆ ನಾಲ್ಕರ ತನಕವೂ ಅದೇ ಸಲಹೆಯಾಗಲಿ ಎಂದು ರಾಜ್ಯದ ಪರವಾಗಿ ಕೇಂದ್ರಕ್ಕೆ ಬರೆಯಬಹುದು. ನಿಮ್ಮ ಕೈಯಲ್ಲೇ ಇರುವುದೂ ಬಹಳಷ್ಟಿದೆ. ತಾಯಿ ಕಾರ್ಡಿನಲ್ಲಿ ಲಸಿಕೆಗಳ ಪಟ್ಟಿಯ ಪಕ್ಕದಲ್ಲೇ ಕಾರ್ ಸೀಟಿನ ನಾಲ್ಕು ಸಾಲು ಅಚ್ಚಾಗಲಿ. ಒಂಬತ್ತನೆಯ ತಿಂಗಳ ದಡಾರ ಲಸಿಕೆಗೆ ಬರುವ ತಾಯಿಗೆ "ಸೀಟು ಈಗಲೇ ತಿರುಗಿಸಬೇಡಿ" ಎಂದು ಹೇಳಲು ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ತರಬೇತಿ ಸಿಗಲಿ. ಹೊಸ ಕಾರಿಗೆ ಪೂಜೆ ಮಾಡಿ ಕೀ ಕೊಡುವ ದಿನ, ಮಗುವಿರುವ ಮನೆಯವರಿಗೆ ಸೀಟು ಕಟ್ಟುವುದನ್ನು ಷೋರೂಮಿನವರು ತೋರಿಸಿಕೊಡಬೇಕೆಂದು ಸಾರಿಗೆ ಇಲಾಖೆ ಸೂಚಿಸಲಿ. ಎಲ್ಎಲ್ಆರ್ ಪರೀಕ್ಷೆಯಲ್ಲಿ ಇದರ ಪ್ರಶ್ನೆ ಇರಲಿ. 194ಬಿ ಕಲಮನ್ನು ಪೊಲೀಸರು ಮೊದಲು ಕೆಲವು ತಿಂಗಳು ತಿಳಿಹೇಳಲು ಬಳಸಲಿ, ಆಮೇಲೆ ದಂಡ ಹಾಕಲಿ.

ಆದೇಶ ಬರುವವರೆಗೆ ಕಾಯಲಾಗದ ತಂದೆತಾಯಂದಿರಲ್ಲಿ ನನ್ನದೊಂದು ಬೇಡಿಕೆ: ಇವತ್ತೇ ನಿಮ್ಮ ಮಗುವಿನ ಸೀಟಿನ ಬದಿಯ ಚೀಟಿ ಓದಿ, ಹಿಮ್ಮುಖ ಮಿತಿ ಎಷ್ಟೆಂದು ನೋಡಿ, ಮಗುವನ್ನು ತೂಗಿ. ಮಿತಿ ಮುಟ್ಟಿಲ್ಲವಾದರೆ ಸೀಟನ್ನು ತಿರುಗಿಸಬೇಡಿ. ಈಗಾಗಲೇ ತಿರುಗಿಸಿದ್ದರೆ ಮತ್ತೆ ಹಿಮ್ಮುಖ ಮಾಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ, ಮೈಸೂರು